ಕೆಳಬಾಣ ಒಂದು ಸಲ, ಆಮೇಲೆ ಎಂಟರ್

ಕಮಲಾಪುರದ ಅಮೋಘಪ್ಪನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಆದರೂ ನಾಲ್ಕು ತಿಂಗಳಿಂದ ಅವನ ದಿನ ಶುರುವಾಗುತ್ತಿದ್ದದ್ದು ಒಂದು ಲ್ಯಾಪ್‌ಟಾಪಿನ ಮುಂದೆ. ಬೆಳಗಿನ ಮೊದಲ ಬಸ್ಸು ಹಿಡಿದು ಕಲಬುರಗಿಗೆ ಬಂದು, ಬ್ರಹ್ಮಪುರದ ಗಲ್ಲಿಯಲ್ಲಿ ಅಕ್ಕ ಚಂದಮ್ಮನ ಮನೆಯ ಬಾಗಿಲು ಬಡಿದು, ಒಳಗೆ ಕಾಯುತ್ತ ಕೂತ ಮಗಳು ರಾಜೇಶ್ರೀಯ ಪಕ್ಕದಲ್ಲಿ ಚಾಪೆಯ ಮೇಲೆ ಕೂರುತ್ತಿದ್ದ. ಅವಳು ಯಂತ್ರ ಶುರು ಮಾಡುವಳು. ಪರದೆಯ ಮೇಲೆ ಹೆಸರುಗಳ ಪಟ್ಟಿ ಮೂಡಿದ ಕೂಡಲೇ ಇವನು ಕೆಳಬಾಣದ ಗುಂಡಿಯನ್ನು ಒಂದು ಸಲ ಒತ್ತಿ, ಆಮೇಲೆ ಎಂಟರ್ ಒತ್ತುವನು. ಅಲ್ಲಿಗೆ ಅವನ ಡ್ಯೂಟಿ ಮುಗಿಯಿತು. ಎರಡು ಗುಂಡಿಗಳಿಗಾಗಿ ದಿನಾ ಎಪ್ಪತ್ತೈದು ಕಿಲೋಮೀಟರ್ ಓಡಾಟ. ಆ ಎಂಟರ್ ಒತ್ತುವಾಗ ಅವನ ಮುಖದ ಗತ್ತು ನೋಡಬೇಕು. ಜಿಲ್ಲಾಧಿಕಾರಿ ಸಹಿ ಹಾಕುವಾಗಲೂ ಅಷ್ಟು ಗತ್ತು ಇರಲಿಕ್ಕಿಲ್ಲ.

ರಾಜೇಶ್ರೀಗೆ ಕಣ್ಣು ಕಾಣುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರ ಅವಳನ್ನು ಉಳಿಸಿ ಕಣ್ಣನ್ನು ಒಯ್ದಿತ್ತು. ಅಷ್ಟರಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಅಕ್ಷರ ಕಲಿತಿದ್ದಳು. ಅವುಗಳ ರೂಪ ಇನ್ನೂ ತಲೆಯಲ್ಲಿತ್ತು. ಕಮಲಾಪುರದಲ್ಲಿ ಅವರದು ಕೆಂಪು ಬಾಳೆಯ ತೋಟ. ಕಣ್ಣು ಹೋದ ಮೊದಲ ವರ್ಷ ಹುಡುಗಿ ಮನೆಯ ಹೊಸ್ತಿಲು ದಾಟಲೂ ಹೆದರುತ್ತಿದ್ದಾಗ ಅಮೋಘಪ್ಪ ಒಂದು ಉಪಾಯ ಮಾಡಿದ. ತೋಟದ ಬೋರ್‌ವೆಲ್ಲಿನ ಕಬ್ಬಿಣದ ಪೈಪಿಗೆ ಕುಡುಗೋಲಿನ ಹಿಂಬದಿಯಿಂದ ಬಡಿಯುವನು: ಟಣ್ ಟಣ್, ಸ್ವಲ್ಪ ತಡೆದು ಉದ್ದಕ್ಕೆ ಟಣ್ಣ್. ಇಲ್ಲಿದ್ದೇನೆ, ಬಾ ಎಂದು ಅದರ ಅರ್ಥ. ಅವಳು ಆ ಸದ್ದು ಹಿಡಿದು ಬಾಳೆಯ ಸಾಲುಗಳ ನಡುವೆ ಒಬ್ಬಳೇ ನಡೆದು ಬರುವಳು. ಎಲೆ ಮುಖಕ್ಕೆ ತಾಗಿದರೆ ನಗುವಳು. ತಾಯಿ ಮಲ್ಕಮ್ಮ ತೋಟದ ಬದುವಿನ ಮೇಲೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಆಮೇಲೆ ಅಮೋಘಪ್ಪ ಯಾವ ಬಾಗಿಲು ಬಡಿದರೂ ಅದೇ ಲೆಕ್ಕ: ಎರಡು ಗಿಡ್ಡ, ಒಂದು ಉದ್ದ.

ಈಗ ಅವಳಿಗೆ ಇಪ್ಪತ್ತೆರಡು. ಡಿಗ್ರಿ ಮುಗಿಸಿ ಕಲಬುರಗಿಯ ಒಂದು ತರಬೇತಿ ಕೇಂದ್ರದಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಕಲಿಯುತ್ತಿದ್ದಳು. ಪಾಸಾದರೆ ಅಲ್ಲೇ ಲ್ಯಾಬಿನಲ್ಲಿ ಕಲಿಸುವ ಕೆಲಸ ಕೊಡುವುದಾಗಿ ಕೇಂದ್ರದವರು ಹೇಳಿದ್ದರು. ಆ ಕಲಿಕೆಗೆ ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆ ಬೇಕು. ಅವಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ವಿಂಡೋಸ್. ಕಾಲೇಜಿನ ನೋಟ್ಸು, ದನಿಯಲ್ಲಿ ಓದಿಸಿಕೊಳ್ಳುವ ಪುಸ್ತಕ ಎಲ್ಲ ಅದರಲ್ಲೇ.

"ವಿಂಡೋಸ್ ತೆಗದು ಹಾಕಬ್ಯಾಡ್ರಿ, ಲಿನಕ್ಸೂ ಬೇಕು," ಎಂದು ಅವಳು ಜಗತ್ ಸರ್ಕಲ್ಲಿನ ಹತ್ತಿರದ ಸಿಕಂದರನ ರಿಪೇರಿ ಅಂಗಡಿಯಲ್ಲಿ ಕೇಳಿದಾಗ ಅಮೋಘಪ್ಪ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದ.

"ಎರಡು ದಾರಿ ಅವ ಬೇಟಾ," ಎಂದ ಸಿಕಂದರ್. ಅವನು ಮಾತಾಡುವಾಗಲೂ ಕೈ ಸುಮ್ಮನಿರುತ್ತಿರಲಿಲ್ಲ, ಯಾವುದೋ ಸ್ಕ್ರೂ ತಿರುಗಿಸುತ್ತಲೇ ಇರುತ್ತಿತ್ತು. "ಒಂದು ವರ್ಚುವಲ್ ಮಷೀನ್. ಮನಿಯೊಳಗೊಂದು ಖೋಲಿ ಕಟ್ಟಿದಂಗ. ವಿಂಡೋಸ್ ಮನಿ, ಲಿನಕ್ಸ್ ಅದರಾಗಿನ ಖೋಲಿ. ಬೇಕಾದಾಗ ನೀನೇ ಒಳಗ ಹೋಗು, ಬೇಕಾದಾಗ ಹೊರಗ ಬಾ. ಇನ್ನೊಂದು ಡ್ಯುಯಲ್ ಬೂಟ್. ಒಂದೇ ಜಾಗಾದಾಗ ಬ್ಯಾರೆ ಬ್ಯಾರೆ ಎರಡು ಮನಿ, ಎರಡು ಬಾಗಲಾ. ಒಂದು ತೆಗದರ ಇನ್ನೊಂದು ಮುಚ್ಚೇ ಇರ್ತದ. ಮಷೀನಿನ ಪೂರಾ ತಾಕತ್ತು ತೆಗದ ಮನಿಗೇ."

"ಖೋಲಿನೇ ಇರ್ಲಿ," ಎಂದಳು ರಾಜೇಶ್ರೀ. "ನಾನೇ ಹೋಗಿ ಬರಾಕ ಬರ್ತದಲ್ಲ, ಅದು ಛಲೋ."

ಅದು ಮೂರು ದಿನ ಛಲೋ ಇತ್ತು. ನಾಲ್ಕನೇ ದಿನ ಅವಳ ಸಹನೆ ಕೆಟ್ಟಿತು. ಅವಳ ಯಂತ್ರಕ್ಕೆ ನೆನಪಿನ ಶಕ್ತಿ ಕಡಿಮೆ, ಹೆಚ್ಚಿಸಲೂ ಬರದ ಮಾದರಿ. ಮನೆಯನ್ನೂ ಖೋಲಿಯನ್ನೂ ಒಟ್ಟಿಗೆ ನಡೆಸುವಷ್ಟರಲ್ಲಿ ಅದಕ್ಕೆ ಏದುಸಿರು ಬರುತ್ತಿತ್ತು. ಅವಳು ಟೈಪ್ ಮಾಡಿದ್ದನ್ನು ಯಂತ್ರದೊಳಗಿನ ದನಿ ಓದಿ ಹೇಳುವಷ್ಟರಲ್ಲಿ ತಾನು ಏನು ಟೈಪ್ ಮಾಡಿದೆನೆಂದು ಅವಳಿಗೇ ಮರೆಯುವುದು. ಸಾಲದ್ದಕ್ಕೆ ವಿಂಡೋಸಿನ ದನಿ ಒಂದು ಹೇಳಿದರೆ ಲಿನಕ್ಸಿನ ದನಿ ನಡುವೆ ಬಾಯಿ ಹಾಕುವುದು. ಎರಡೂ ಕೂಡಿ ನೆಗೆಣ್ಣಿಯರ ಹಾಗೆ ಜಗಳಕ್ಕೆ ನಿಂತುಬಿಡುತ್ತಿದ್ದವು.

"ಹೊಸಾದು ತರೋಣು," ಎಂದ ಅಮೋಘಪ್ಪ. "ನೌಕರಿ ಸಿಗ್ಲಿ, ನಾನೇ ತರ್ತೀನಿ," ಎಂದಳು ಮಗಳು. ಆ ಮಾತು ಅಲ್ಲಿಗೆ ಮುಗಿಯಿತು. ಅವಳ ಹಟ ಅಪ್ಪನಿಂದಲೇ ಬಂದದ್ದು.

ಹಾಗಾಗಿ ಸಿಕಂದರ್ ಡ್ಯುಯಲ್ ಬೂಟ್ ಮಾಡಿಕೊಟ್ಟ. ಎರಡು ದಿನ ಕೂತು, ಒಂದು ಫೈಲೂ ಹೋಗದಂತೆ ಜೋಪಾನವಾಗಿ ಡಿಸ್ಕನ್ನು ಪಾಲು ಮಾಡಿದ. ಲಿನಕ್ಸ್ ಈಗ ಗಾಳಿಯ ಹಾಗೆ ಓಡುತ್ತಿತ್ತು. "ನೋಡು ಬೇಟಾ," ಎಂದು ಅವನು ಹೆಮ್ಮೆಯಿಂದ ಯಂತ್ರವನ್ನು ಅವಳ ಮುಂದೆ ಸರಿಸಿದ. "ಶುರು ಮಾಡಿದ ಕೂಡ್ಲೆ ಪಟ್ಟಿ ಬರ್ತದ. ಮದಲನೇದು ವಿಂಡೋಸ್, ಎರಡನೇದು ಲಿನಕ್ಸ್. ಹತ್ತು ಸೆಕೆಂಡಿನ್ಯಾಗ ಆರಿಸಿಕೊ. ಸುಮ್ಮನಿದ್ದರ ತಾನೇ ವಿಂಡೋಸ್ ತೆಗೀತದ."

ರಾಜೇಶ್ರೀ ಪರದೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಪಟ್ಟಿ ಬಂತು ಅಂತ ನನಗ ಹ್ಯಾಂಗ ತಿಳೀತದ ರೀ?"

ಸಿಕಂದರನ ಕೈಯಲ್ಲಿನ ಸ್ಕ್ರೂಡ್ರೈವರ್ ನಿಂತಿತು. ಇಪ್ಪತ್ತು ವರ್ಷದಿಂದ ರಿಪೇರಿ ಮಾಡುವವನಿಗೆ ಅದು ಹೊಳೆದೇ ಇರಲಿಲ್ಲ. ಆ ಪಟ್ಟಿ ಮೂಡುವಾಗ ಯಂತ್ರದಲ್ಲಿ ವಿಂಡೋಸೂ ಎದ್ದಿರುವುದಿಲ್ಲ, ಲಿನಕ್ಸೂ ಎದ್ದಿರುವುದಿಲ್ಲ. ಓದಿ ಹೇಳುವ ದನಿಯೇ ಇನ್ನೂ ಹುಟ್ಟಿರುವುದಿಲ್ಲ. ಹಳೆಯ ಯಂತ್ರ ಒಮ್ಮೆ ಅರ್ಧ ನಿಮಿಷಕ್ಕೆ ಪಟ್ಟಿ ತೋರಿಸುವುದು, ಒಮ್ಮೆ ಒಂದು ನಿಮಿಷಕ್ಕೆ. ಬೇಗ ಗುಂಡಿ ಒತ್ತಿದರೆ ಬೇರೆ ಯಾವುದೋ ಸೆಟ್ಟಿಂಗಿಗೆ ಹೋಗಿ ಬೀಳುವುದು, ತಡವಾದರೆ ವಿಂಡೋಸು ಹೊರಟುಬಿಡುವುದು.

"ಮಾಫ್ ಕರೋ ಬೇಟಾ," ಎಂದ ಸಿಕಂದರ್. "ಕಣ್ಣಿದ್ದಾಂವ ನಾನು, ಕಣ್ಣಿದ್ದೋರ ಹಂಗೇ ವಿಚಾರ ಮಾಡಿಬಿಟ್ಟೆ. ಏನಾರ ದಾರಿ ಅದ ಏನು ನೋಡಿ ಫೋನ್ ಮಾಡ್ತೀನಿ."

"ದಾರಿ ಯಾಕ? ನಾ ಇದ್ದೀನಲ್ಲ!" ಎಂದು ಅಮೋಘಪ್ಪ ಸ್ಟೂಲಿನಿಂದ ಎದ್ದೇಬಿಟ್ಟ. "ಯಾ ಗುಂಡಿ, ತೋರಸು ಭಾಯ್."

ಹೀಗೆ ಆ ನೌಕರಿ ಅವನಿಗೆ ಸಿಕ್ಕಿತು. ಕೇಳಿದವರಿಗೆಲ್ಲ ಅವನು ಇದು ಅನಿವಾರ್ಯ ಎಂದೇ ಹೇಳುತ್ತಿದ್ದ. ಚಂದಮ್ಮ ಮಾತ್ರ ನಂಬಲಿಲ್ಲ. "ಎರಡು ಗುಂಡಿ ಒತ್ತಾಕ ಕಮಲಾಪುರದಿಂದ ಬರಬೇಕೇನೋ ತಮ್ಮಾ? ನನಗ ತೋರಸು, ನಾ ಇಲ್ಲೇ ಇರ್ತೀನಲ್ಲ," ಎಂದಳು. ಅಮೋಘಪ್ಪ ಗಂಭೀರನಾಗಿ, "ನಿನಗ ಚಷ್ಮಾ ಬಂದದ ಅಕ್ಕ. ಒಂದು ಹೋಗಿ ಇನ್ನೊಂದು ಒತ್ತಿದರ ಮುಗೀತು," ಎಂದ. ಆ ಚಷ್ಮಾ ಹಾಕಿಕೊಂಡು ಚಂದಮ್ಮ ಅಕ್ಕಿಯಲ್ಲಿನ ನುಸಿಯನ್ನೂ ಆರಿಸುತ್ತಿದ್ದಳು. ಅವಳು ತಮ್ಮನ ಮುಖ ನೋಡಿ, ಏನೋ ತಿಳಿದವಳಂತೆ, ಚಹಾ ಇಡಲು ಒಳಗೆ ಹೋದಳು.

ವಾರ ಕಳೆದ ಮೇಲೆ ಸಿಕಂದರನ ಫೋನ್ ಬಂತು. ಅಮೋಘಪ್ಪ ತೋಟದಲ್ಲಿ ಗೊನೆಗೆ ಊರೆ ಕೊಡುತ್ತಿದ್ದ. "ಕಾಕಾ, ದಾರಿ ಸಿಕ್ಕದ. ಆ ಪಟ್ಟಿ ಬಂದ ಕೂಡ್ಲೆ ಮಷೀನು ಸಣ್ಣಗ ಸದ್ದು ಮಾಡೋ ಹಂಗ ಇಡಾಕ ಬರ್ತದ. ಸದ್ದು ಕೇಳಿದ ಮ್ಯಾಲ ಆಕೀನೇ ಗುಂಡಿ ಒತ್ತಬಹುದು. ಯಾವಾಗ ತರ್ತೀರಿ?"

ಅಮೋಘಪ್ಪ ಊರೆಯ ಕೋಲನ್ನು ಹಿಡಿದುಕೊಂಡೇ ನಿಂತ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಕಣ್ಣು ಹೋದಂದಿನಿಂದ ಅವಳ ಕೈ ಹಿಡಿದು ನಡೆಸಿದವನು ಅವನು. ಕಾಲೇಜಿಗೆ ಬಂದ ಮೇಲೆ ಅವಳು ಕೋಲು ಹಿಡಿದಳು, ಬಸ್ ನಂಬರ್ ಕಲಿತಳು, ಫೋನಿಗೆ ಮಾತು ಕಲಿಸಿದಳು. ಒಂದೊಂದಾಗಿ ಅವನ ಕೆಲಸಗಳೆಲ್ಲ ಹೋಗಿದ್ದವು. ಉಳಿದದ್ದು ಇದೊಂದು.

"ಬ್ಯಾಡ ಬಿಡು ಭಾಯ್. ಸದ್ಯ ನಾ ಹೋಗಾಕತ್ತೀನಲ್ಲ, ನಡೀಲಿ," ಎಂದುಬಿಟ್ಟ. ಮಗಳಿಗೆ ಹೇಳಲಿಲ್ಲ. ಮಲ್ಕಮ್ಮನಿಗೂ ಹೇಳಲಿಲ್ಲ.

ಬೆಳಿಗ್ಗೆಗಳು ಸುಖವಾಗಿಯೇ ಸಾಗಿದವು. ಅವನು ರೊಟ್ಟಿ, ಪುಂಡಿಪಲ್ಯ, ಎರಡು ಕೆಂಪು ಬಾಳೆಹಣ್ಣು ಗಂಟು ಕಟ್ಟಿ ತರುವನು. ಎಂಟರ್ ಒತ್ತಿದ ಮೇಲೂ ಅರ್ಧ ತಾಸು ಕೂರುವನು. ಅವಳ ಬೆರಳು ಗುಂಡಿಗಳ ಮೇಲೆ ಓಡುವುದನ್ನು, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ತಲೆ ವಾಲಿಸಿ ಆಲಿಸುವುದನ್ನು ನೋಡುವನು. "ಅಲ್ಲೇನ್ ಕಾಣ್ತದವ್ವ?" ಎಂದು ಒಮ್ಮೆ ಕೇಳಿದಾಗ ಅವಳು ನಕ್ಕು, "ಅಲ್ಲಿ ಚಿತ್ರನೇ ಇಲ್ಲಪ್ಪಾ, ಬರೇ ಮಾತು. ನಾ ಒಂದು ಹೇಳ್ತೀನಿ, ಅದು ಒಂದು ಹೇಳ್ತದ. ಕಣ್ಣಿದ್ದೋರೂ ಅಲ್ಲಿ ನನ್ನಂಗೇ," ಎಂದಿದ್ದಳು. ಅವತ್ತು ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಆ ಮಾತನ್ನೇ ನೆನೆದು ಹಿಗ್ಗಿದ.

ಒಂದು ದಿನ ಎಡವಟ್ಟಾಯಿತು. ಹಿಂದಿನ ಸಂಜೆ ಲಿನಕ್ಸ್ ಏನೋ ಅಪ್‌ಡೇಟ್ ಮಾಡಿಕೊಂಡಿತ್ತು. ಬೆಳಿಗ್ಗೆ ಅಮೋಘಪ್ಪ ಎಂದಿನಂತೆ ಕೆಳಬಾಣ ಒತ್ತಿ ಎಂಟರ್ ಒತ್ತಿದ. ಇನ್ನೊಂದು ಪಟ್ಟಿ ತೆರೆಯಿತು. ಗಾಬರಿಯಲ್ಲಿ ಮತ್ತೆ ಕೆಳಬಾಣ, ಮತ್ತೆ ಎಂಟರ್. ಪರದೆಯ ಮೇಲೆ ಬಿಳಿ ಅಕ್ಷರಗಳು ಸುರಿಯತೊಡಗಿದವು. ದನಿ ಬರಲಿಲ್ಲ.

"ಅಪ್ಪಾ, ಏನಂತದ?"

"ಏನೇನೋ ಬರದದ ತಾಯಿ. ನನಗ ಓದಾಕ ಬರಂಗಿಲ್ಲಲ್ಲ!" ನಾಲ್ಕು ತಿಂಗಳು ಅವನು ಓದಿ ಒತ್ತಿರಲಿಲ್ಲ, ಸಾಲು ಎಣಿಸಿ ಒತ್ತಿದ್ದ. ನೋಡಬಲ್ಲವನಿಗೆ ಓದಲು ಬರುವುದಿಲ್ಲ, ಓದಬಲ್ಲವಳಿಗೆ ಕಾಣುವುದಿಲ್ಲ. ಇಬ್ಬರೂ ಒಂದು ಯಂತ್ರದ ಮುಂದೆ ಕೂತು ಬೆವೆತರು.

ಮೊದಲು ಸಮಾಧಾನವಾದದ್ದು ಮಗಳಿಗೆ. ಯಂತ್ರ ಬಂದ್ ಮಾಡಿ ಮತ್ತೆ ಶುರು ಮಾಡಿಸಿದಳು. "ಪಟ್ಟಿ ಬಂದ ಕೂಡ್ಲೆ ಕೆಳಬಾಣ ಒಂದ್ಸಲ ಒತ್ತಿ ಕೈ ಬಿಡು. ಹತ್ತು ಸೆಕೆಂಡಿನ ಲೆಕ್ಕ ನಿಂದರ್ತದ. ಎಂಟರ್ ಒತ್ತಬ್ಯಾಡ. ಈಗ ಮ್ಯಾಲಿನ ಸಾಲು ನೋಡು. ಮದಲನೇ ಅಕ್ಷರ ಹ್ಯಾಂಗ ಅದ?"

ಅಮೋಘಪ್ಪ ಕಣ್ಣು ಕಿರಿದು ಮಾಡಿ ಬಗ್ಗಿದ. "ಎತ್ತಿನ ಲಾಳ ಇದ್ದಂಗ ಅದ. ಬಾಯಿ ಮ್ಯಾಲ."

ಅವಳು ಚಾಪೆಯ ಮೇಲೆ ಬೆರಳಿನಿಂದ ಬರೆದಳು. "ಆಮ್ಯಾಲ?"

"ಒಂದು ಕಂಬ. ಕಂಬದ ಬುಡಕ್ಕ ಬಲಕ್ಕ ಗಡಿಗಿ ಇಟ್ಟಾರ."

"ಆಮ್ಯಾಲ?"

"ಸಣ್ಣ ಲಾಳ. ಅದರ ಮುಂದಿಂದು ಬೋರಲು ಬಿದ್ದ ಲಾಳ."

"ಸಾಕು ಸಾಕು!" ರಾಜೇಶ್ರೀ ಜೋರಾಗಿ ನಕ್ಕಳು. "ಉಬುಂಟು. ಅದೇ ನನ್ನ ಲಿನಕ್ಸು. ಮ್ಯಾಲ ಹೋಗಿ ಕೂತದ. ಮ್ಯಾಲಿನ ಬಾಣ ಒಂದ್ಸಲ, ಆಮ್ಯಾಲ ಎಂಟರ್."

ದನಿ ಬಂತು. ಅಮೋಘಪ್ಪನೂ ನಕ್ಕ. ಸಂಜೆಗೆ ಸಿಕಂದರ್ ಫೋನಿನಲ್ಲೇ ಅವಳಿಗೆ ಹೇಳಿಕೊಟ್ಟು ಸಾಲನ್ನು ಮೊದಲಿನ ಹಾಗೆ ಮಾಡಿಸಿದ.

ಆ ವಾರವೇ ಪರೀಕ್ಷೆಯ ಸುದ್ದಿ ಬಂತು. ಮೂರು ತಾಸಿನ ಪ್ರಾಕ್ಟಿಕಲ್, ಅವರವರ ಲ್ಯಾಪ್‌ಟಾಪಿನಲ್ಲೇ. ಮೊದಲು ಲಿನಕ್ಸಿನಲ್ಲಿ ಕೆಲಸ ಮಾಡಬೇಕು, ಆಮೇಲೆ ವಿಂಡೋಸಿಗೆ ಬಂದು ವರದಿ ಬರೆಯಬೇಕು. ಯಾವುದನ್ನು ತಾನಾಗಿ ತೆರೆಯುವಂತೆ ಇಟ್ಟರೂ ಇನ್ನೊಂದಕ್ಕೆ ಗುಂಡಿ ಒತ್ತಲೇಬೇಕು. ಮತ್ತು ಯಾರಿಗೂ ಸಹಾಯಕರು ಇರುವಂತಿಲ್ಲ. ಎಲ್ಲರಿಗೂ ಒಂದೇ ನಿಯಮ.

"ಒಂದಿನದ ಮಟ್ಟಿಗೆ ಆ ಮದಲಿನ ಖೋಲಿ ಪದ್ಧತಿಗೇ ಹೋಗಬಾರದೇನ?" ಎಂದಳು ಚಂದಮ್ಮ.

"ಅದರಾಗ ಮೂರು ತಾಸಿನ ಕೆಲಸಕ್ಕ ಆರು ತಾಸು ಹಿಡೀತದ ಅತ್ತಿ." ರಾಜೇಶ್ರೀ ಅಪ್ಪ ಕೂತ ಕಡೆ ಮುಖ ತಿರುಗಿಸಿದಳು. "ಇನ್ನೂ ಎಂಟು ದಿನಾ ಅದ. ನೋಡೋಣು."

ಅಮೋಘಪ್ಪ ಚಹಾದ ಬಟ್ಟಲನ್ನು ಹಾಗೇ ಬಿಟ್ಟು ಎದ್ದ. ಕಮಲಾಪುರದ ಬಸ್ಸು ಹತ್ತಲು ಹೊರಟವನು ನಿಲ್ದಾಣದ ತನಕ ಹೋಗಿ, ಬಸ್ಸು ಎದುರಿಗೆ ನಿಂತಿದ್ದರೂ ಹತ್ತದೆ ವಾಪಸು ಬಂದ. ಬ್ರಹ್ಮಪುರಕ್ಕೆ ಬಂದು, "ಮಷೀನ್ ಕೊಡವ್ವ, ಸಿಕಂದರ್ ಭಾಯ್‌ಗೆ ತೋರಿಸಿಕೊಂಡು ಬರ್ತೀನಿ," ಎಂದ. ಅವಳು ಯಾಕೆ ಎಂದು ಕೇಳಲಿಲ್ಲ. ಯಂತ್ರವನ್ನು ಚೀಲಕ್ಕೆ ಹಾಕಿ ಕೊಟ್ಟಳು.

ಸಿಕಂದರನ ಅಂಗಡಿಯಲ್ಲಿ ಅವನು ನಿಂತೇ ಮಾತಾಡಿದ. "ಭಾಯ್, ಆ ಸದ್ದು ಹಾಕಿಬಿಡು. ಅವತ್ತೇ ಹಾಕಿಸಬೇಕಾಗಿತ್ತು. ನಾ ಹುಚ್ಚ, ನನ್ನ ಸಲುವಾಗಿ ಆಕೀನ ಕಾಯಿಸಿ ಕೂಡಿಸಿದ್ದೆ."

ಸಿಕಂದರ್ ಕೈಯಲ್ಲಿನ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವನಿಗೂ ಹೆಣ್ಣುಮಕ್ಕಳಿದ್ದರು. ಸ್ಟೂಲನ್ನು ಮುಂದೆ ಸರಿಸಿ, ಯಂತ್ರ ತೆರೆದು ಏನೇನೋ ಬರೆದ. ಆಮೇಲೆ ತಲೆ ಎತ್ತಿ ಕೇಳಿದ: "ಸದ್ದು ಯಾ ತರಹದ್ದು ಇಡಲಿ ಕಾಕಾ? ಒಂದೇ ಇಡಬಹುದು, ನಾಕು ಇಡಬಹುದು. ಉದ್ದ ಗಿಡ್ಡ ಹ್ಯಾಂಗ ಬೇಕಾದರೂ."

ಅಮೋಘಪ್ಪ ನಾಚಿದ. ಅತ್ತಿತ್ತ ನೋಡಿದ. ಗಿರಾಕಿಗಳು ಯಾರೂ ಇರಲಿಲ್ಲ. ಬೆರಳ ಗೆಣ್ಣಿನಿಂದ ಕೌಂಟರಿನ ಮೇಲೆ ಮೆಲ್ಲಗೆ ಬಡಿದ.

ಮರುದಿನ ಬೆಳಿಗ್ಗೆ ಏಳೂವರೆಗೆ ಅವನು ಚಂದಮ್ಮನ ಬಾಗಿಲು ಬಡಿದು ಒಳಗೆ ಬಂದು, ಚಾಪೆಯ ಮೇಲೆ ಕೂತು, ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡ. ಇಲ್ಲದಿದ್ದರೆ ಅವು ತಾವಾಗಿ ಮುಂದೆ ಹೋಗುತ್ತಿದ್ದವು.

"ನೀನೇ ಒತ್ತು," ಎಂದ.

ರಾಜೇಶ್ರೀ ಪವರ್ ಬಟನ್ ಒತ್ತಿದಳು. ಇಬ್ಬರೂ ಕಾದರು. ಯಂತ್ರದ ಹೊಟ್ಟೆಯಿಂದ ಸಣ್ಣ ಸದ್ದು ಬಂತು: ಎರಡು ಗಿಡ್ಡ, ತಡೆದು ಒಂದು ಉದ್ದ.

ಅವಳ ಕೈ ಗಾಳಿಯಲ್ಲೇ ನಿಂತಿತು. ಹತ್ತು ಸೆಕೆಂಡು ಕಳೆದು ವಿಂಡೋಸ್ ತೆರೆದುಕೊಂಡು ಅದರ ದನಿ ಮಾತಾಡತೊಡಗಿದರೂ ಅವಳು ಏನೂ ಒತ್ತಲಿಲ್ಲ.

"ಅಪ್ಪಾ..."

"ಸಿಕಂದರ್ ಭಾಯ್ ಎಂದೋ ಹೇಳಿದ್ದ ತಾಯಿ," ಎಂದ ಅಮೋಘಪ್ಪ ಒಂದೇ ಉಸಿರಿನಲ್ಲಿ. "ನಾನೇ ಬ್ಯಾಡ ಅಂದಿದ್ದೆ. ನಿನಗ ಹೇಳಲಿಲ್ಲ. ನನಗ... ದಿನಾ ಬರಾಕ ಒಂದು ನೆಪ ಬೇಕಾಗಿತ್ತು."

"ಗೊತ್ತಿತ್ತಪ್ಪಾ," ಎಂದಳು ಅವಳು. "ಅವರು ಮದಲು ನನಗೇ ಫೋನ್ ಮಾಡಿದ್ದರು. ಅಪ್ಪನ್ನ ಕೇಳ್ರಿ ಅಂದಿದ್ದೆ." ಅವಳ ಕೈ ತಡಕಾಡಿ ಅಪ್ಪನ ಕೈಯನ್ನು ಕಂಕುಳಿಂದ ಎಳೆದು ತೆಗೆಯಿತು. "ನೀ ಹೂಂ ಅನ್ನಲಿಲ್ಲ, ನಾನೂ ಸುಮ್ಮನಾದೆ. ನೀ ಬರಾದು ನನಗೂ ಬೇಕಾಗಿತ್ತು. ಪರೀಕ್ಷಾ ಇಲ್ಲದಿದ್ದರ ಇನ್ನೂ ಸುಮ್ಮನಿರ್ತಿದ್ದೆ. ಇನ್ನೆರಡು ದಿನಾ ನೋಡಿ ನಾನೇ ಹೇಳಾಕಿದ್ದೆ."

ಒಳಗೆ ಚಂದಮ್ಮ ಚಹಾದ ಪಾತ್ರೆಯನ್ನು ಸುಮ್ಮಸುಮ್ಮನೆ ಸದ್ದು ಮಾಡಿದಳು. ಅಳು ಬಂದಾಗ ಅವಳು ಮಾಡುವುದು ಅದನ್ನೇ.

ಪರೀಕ್ಷೆಯ ದಿನ ಅಮೋಘಪ್ಪ ಮಗಳನ್ನು ತರಬೇತಿ ಕೇಂದ್ರದ ತನಕ ಕರೆದುಕೊಂಡು ಹೋದ. ಲ್ಯಾಬಿನ ಬಾಗಿಲಲ್ಲಿ ಪರೀಕ್ಷಕರು, "ಸಹಾಯಕರು ಹೊರಗ ಇರಬೇಕ್ರಿ," ಎಂದರು. "ನಾ ಸಹಾಯಕ ಅಲ್ರೀ, ಅಪ್ಪ," ಎಂದು ಹೇಳಿ ಅವನು ಹೊರಗೆ ಉಳಿದ. ಬಾಗಿಲು ಮುಚ್ಚಿತು. ಹೋಗಬೇಕು ಎಂದುಕೊಂಡರೂ ಕಾಲು ಏಳಲಿಲ್ಲ. ಗೋಡೆಗೆ ಆನಿಕೊಂಡು ನಿಂತ.

ಒಳಗೆ ಕುರ್ಚಿ ಎಳೆದ ಸದ್ದು. ಮೌನ. ಮತ್ತೆ ಮೌನ. ಯಂತ್ರ ಇವತ್ತು ಕೈಕೊಟ್ಟಿತು ಎಂದು ಅವನು ಎದೆಯ ಮೇಲೆ ಕೈ ಇಟ್ಟುಕೊಳ್ಳುವಷ್ಟರಲ್ಲಿ ಆ ಸದ್ದು ಬಂತು. ಕಿವಿಗೆ ಇಯರ್‌ಫೋನ್ ಹಾಕಿದರೂ ಅದು ಹೊರಗೇ ಕೇಳುವ ಸದ್ದು. ಇಡೀ ಲ್ಯಾಬಿಗೆ ಕೇಳಿತು. ಟಣ್ ಟಣ್, ಟಣ್ಣ್.

"ಯಾರ್ದದು? ಏನು ಸದ್ದು?" ಎಂದರು ಪರೀಕ್ಷಕರು.

"ನಂದು ರೀ ಸರ್," ಎಂದಳು ರಾಜೇಶ್ರೀ. "ನಮ್ಮಪ್ಪ ಹಿಂಗೇ ಬಾಗಲಾ ಬಡೀತಾರ. ನಾ ತೆಗೀತೀನಿ."

ಹೊರಗೆ ಅಮೋಘಪ್ಪನ ಬೆರಳು ಗೋಡೆಯ ಮೇಲೆ ತಾನಾಗಿ ಆಡಿತು: ಕೆಳಬಾಣ ಒಂದು ಸಲ, ಆಮೇಲೆ ಎಂಟರ್. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗುಂಡಿಗಳ ಮೇಲೆ ಬೆರಳೋಡುವ ಚಟಪಟ ಕೇಳತೊಡಗಿತು, ನಿಲ್ಲದೆ. ಅವನು ಧೋತರದ ತುದಿಯಿಂದ ಮುಖ ಒರೆಸಿಕೊಂಡು ಮೆಟ್ಟಿಲು ಇಳಿದ. ತೋಟಕ್ಕೆ ನೀರು ಬಿಡುವುದಿತ್ತು. ಹತ್ತರ ಬಸ್ಸು ಇನ್ನೂ ಸಿಗುತ್ತಿತ್ತು.